ಮೂರು ಉಸಿರು

ಸುಮ್ಮನಿರುವುದು ಪ್ರಣೀತಾಳಿಗೆ ಹುಟ್ಟಿನಿಂದ ಬಂದದ್ದು. ಮುಂಬಯಿಯ ಸಾಂತಾಕ್ರೂಜಿನ ಅವರ ಸೊಸೈಟಿಯಲ್ಲಿ ಲಿಫ್ಟಿನೊಳಗೆ ಯಾರಾದರೂ ನಿಂತಿದ್ದರೆ ಸಾಕು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆವ ಹೂಡಿ, ಲಿಫ್ಟು ಮೇಲೆ ಹೋದ ನಂತರ ಮೆಟ್ಟಿಲು ಹತ್ತುವ ಹುಡುಗಿ ಅವಳು. ಧಾರವಾಡದಿಂದ ಬರುವ ನೆಂಟರು "ನಿಮ್ಮ ಹುಡುಗಿಗೆ ನಾಲಿಗಿ ಅದನೋ ಇಲ್ಲೋ?" ಎಂದು ಅವಳ ತಾಯಿಯನ್ನು ಛೇಡಿಸುತ್ತಿದ್ದರು. ಇಂಥವಳು ಹೋಗಿ ಹೋಗಿ ಮಾತು ಕಲಿಸುವ ಕೆಲಸ ಹಿಡಿದಳು. ಜೋಗೇಶ್ವರಿಯಲ್ಲಿ, ಕೆಳಗೆ ಲೇತ್ ಮಷಿನ್ನು ಕಿರುಗುಡುವ ಒಂದು ಕಟ್ಟಡದ ಮೊದಲ ಮಹಡಿಯ ಟ್ರಸ್ಟ್ ಕ್ಲಿನಿಕ್ಕಿನಲ್ಲಿ ಅವಳು ಸ್ಪೀಚ್ ಥೆರಪಿಸ್ಟ್. ಲಕ್ವಾ ಹೊಡೆದು ಮಾತು ಕಳಕೊಂಡವರು ಅಲ್ಲಿಗೆ ಬರುತ್ತಿದ್ದರು. ಅವಳು ಒಂದು ಚಿತ್ರ ತೋರಿಸಿ, ಇದೇನು ಎಂದು ಕೇಳಿ, ಅವರ ಬಾಯಿಂದ ಮಾತು ಹೊರಡುವವರೆಗೆ ಕಾಯಬೇಕು. ಕೆಲಸ ಎಂದರೆ ಅಷ್ಟೇ.

ಆ ಅಷ್ಟೇ ಎನ್ನುವುದು ಅವಳ ಕೈಲಾಗುತ್ತಿರಲಿಲ್ಲ. ತಾನು ಸುಮ್ಮನಿರುವುದು ಬೇರೆ, ಎದುರಿಗಿರುವವರು ಒಂದು ಮಾತಿಗಾಗಿ ಬೆವರುವುದನ್ನು ನೋಡುತ್ತ ಸುಮ್ಮನಿರುವುದು ಬೇರೆ. ಆದರೆ ತನ್ನ ಕೈಲಾಗುತ್ತಿಲ್ಲ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಟ್ರಸ್ಟಿನವರು ಹೊಸಬರನ್ನೆಲ್ಲ ಶನಿವಾರದ ಒಂದು ಕೋರ್ಸಿಗೆ ಹಾಕಿದಾಗ. ಕೋರ್ಸಿನ ಹೆಸರು ಕ್ರಿಯಾ ಸಂಶೋಧನೆ. ದವಾಖಾನೆಯವರು, ಶಾಲೆಯವರು, ಬಾಲವಾಡಿಯವರು, ಯಾರೇ ಆಗಲಿ ತಮ್ಮ ಕೆಲಸದಲ್ಲಿನ ಒಂದು ತೊಡಕನ್ನು ತಾವೇ ಹಿಡಿದು, ತಾವೇ ಬಿಡಿಸಿ ನೋಡುವುದನ್ನು ಕಲಿಯುವ ಕೋರ್ಸು.

ಕಲಿಸುವವರು ಬಸವಂತರಾಯ ಸರ್. ವಿಜಯಪುರದ ಕಡೆಯವರು, ಶಿಕ್ಷಕರಿಗೆ ಶಿಕ್ಷಣ ಕೊಟ್ಟು ನಿವೃತ್ತರಾದವರು. ಪಾಠವೆಲ್ಲ ಹಿಂದಿ ಮರಾಠಿಯಲ್ಲಿ. ಚಹಾದ ಹೊತ್ತಿಗೆ ಮಾತ್ರ ಪ್ರಣೀತಾಳ ಕಡೆ ತಿರುಗಿ ಕನ್ನಡಕ್ಕೆ ಇಳಿಯುತ್ತಿದ್ದರು. ಅವಳು ಬರೆದುಕೊಂಡು ಹೋದ ಮೊದಲ ಪ್ರಶ್ನೆ, 'ರೋಗಿಗಳ ಮನೆಯವರು ಮನೆಯಲ್ಲಿ ಅಭ್ಯಾಸ ಏಕೆ ಮಾಡಿಸುವುದಿಲ್ಲ?' ಸರ್ ಅದನ್ನು ಓದಿ, ಬಿಸ್ಕೀಟನ್ನು ಚಹಾದಲ್ಲಿ ಅದ್ದಿದರು.

"ಇದರಾಗ ನೀ ಎಲ್ಲಿದ್ದಿ ತಂಗಿ?"

"ಸರ್?"

"ರೋಗಿ ಅದಾರ, ಅವರ ಹೆಂಡ್ತಿ ಅದಾಳ, ಮಗಾ ಅದಾನ. ಎಲ್ಲಾರೂ ತಪ್ಪ ಮಾಡಾಕತ್ತಾರ. ನೀ ಎಲ್ಲಿದ್ದಿ? ಖಿಡಕ್ಯಾಗ ಕುಂತು ನೋಡಾಕತ್ತಿಯೇನ?"

ಪಕ್ಕದಲ್ಲಿದ್ದ ಸ್ನೇಹಲ್ ಕಿಸಕ್ಕನೆ ನಕ್ಕಳು. ಸ್ನೇಹಲ್ ಅದೇ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್. ಬೆಳಗಾವಿ ಮೂಲದ ಮನೆತನ, ಹುಟ್ಟಿದ್ದು ಬೆಳೆದದ್ದು ಮುಂಬಯಿ. ಕನ್ನಡ ಅರ್ಧ ತಿಳಿಯುತ್ತಿತ್ತು, ಕಾಲುಭಾಗ ಆಡಲು ಬರುತ್ತಿತ್ತು.

"ಇದು ಪೊಲೀಸರ ತಪಾಸಣಿ ಆತು," ಎಂದರು ಸರ್. "ನಮ್ಮದು ಹಂಗಲ್ಲ. ನಿನ್ನ ಕೆಲಸಾ ನೀನ ನೋಡ್ಕೋಬೇಕು. ಒಂದು ಸಣ್ಣ ಬದಲ ಮಾಡು. ಮಾಡಿ, ಏನಾತು ಅಂತ ನೋಡು. ನೋಡಿ ವಿಚಾರ ಮಾಡು. ಮತ್ತ ಮಾಡು. ಇಷ್ಟ. ಇದಕ್ಕ ದೊಡ್ಡ ಹೆಸರಿಟ್ಟು ಮಂದೀನ ಅಂಜಸತಾರ."

ಇನ್ನೂ ಎರಡು ಮಾತು ಹೇಳಿದರು. ಒಪ್ಪಿಗೆ ಕೊಟ್ಟ ರೋಗಿಗಳ ಅಭ್ಯಾಸದ ತಾಸು ನಡೆಯುವಾಗ ವಿಡಿಯೋ ಮಾಡಿಕೊಳ್ಳಬೇಕು, ಅದನ್ನು ಮೊದಲ ಸಲ ಸದ್ದು ಮುಚ್ಚಿ ನೋಡಬೇಕು. ಮತ್ತೆ, ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರಿರಬೇಕು. ತಪ್ಪನ್ನು ಮುಖದ ಮೇಲೆ ಹೇಳುವ ಗೆಳೆಯರು. ಯಾವ ವಿಡಿಯೋ ನೋಡುವುದೆಂದು ಆರಿಸುವವರು ಆ ಗೆಳೆಯರೇ. "ನಿಮಗ ಬೇಕಾದ್ದು ನೀವ ಆರಿಸಿ ತೋರಿಸಿದ್ರ, ಅದು ಮದಿವಿ ಆಲ್ಬಮ್ ಆಗತದ," ಎಂದು ಸರ್ ನಕ್ಕರು.

ಪ್ರಣೀತಾ ಮೊಬೈಲನ್ನು ಕಪಾಟಿನ ಮೇಲೆ ಆನಿಸಿಟ್ಟು ತಾಸು ನಡೆಸಿದಳು. ಮನೆಗೆ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಸದ್ದು ಮುಚ್ಚಿ ನೋಡಿದಳು. ನೋಡಿದವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಎದುರಿಗೆ ಕೂತ ಗುಜರಾತಿ ಅಜ್ಜಿಯ ತುಟಿ ಅಲುಗುವ ಮೊದಲೇ ತನ್ನ ತುಟಿ ಅಲುಗುತ್ತಿದೆ. ಅಜ್ಜಿ ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ತಾನು ಮಾತು ಹೇಳಿ ಮುಗಿಸಿ ನಗುತ್ತಿದ್ದೇನೆ. ಅಜ್ಜಿ ಬಾಯಿ ಮುಚ್ಚುತ್ತಾಳೆ. ಊಟಕ್ಕೆ ಕೂತವರ ತುತ್ತನ್ನು ಬಾಯಿಯ ತನಕ ಬಂದಾಗ ಕಿತ್ತುಕೊಂಡು ತಾನೇ ನುಂಗಿದ ಹಾಗಿತ್ತು ಅದು.

ಬದಲಾವಣೆ ಅಲ್ಲಿಂದ ಶುರುವಾಯಿತು. ಪ್ರಶ್ನೆ ಕೇಳಿದ ಮೇಲೆ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದು, ಮೂರು ಉಸಿರು ಪೂರ್ತಿ ಎಳೆದು ಬಿಡುವವರೆಗೆ ಏನೂ ಹೇಳಬಾರದು ಎಂದು ಅವಳು ತನಗೆ ತಾನೇ ಕಟ್ಟು ಹಾಕಿಕೊಂಡಳು. ಮೊದಲ ಉಸಿರು ಸಲೀಸು. ಎರಡನೆಯದರಲ್ಲಿ ಕೈ ತಾನಾಗಿಯೇ ಚಿತ್ರದ ಕಡೆ ಹೋಗುತ್ತಿತ್ತು. ಮೂರನೆಯದು ಮುಗಿಯುವುದೇ ಇಲ್ಲವೇನೋ ಅನಿಸುತ್ತಿತ್ತು. ಆದರೆ ಆ ಮೂರನೆಯ ಉಸಿರಿನಲ್ಲೇ ಮಾತು ಬರುತ್ತಿತ್ತು! ಗುಜರಾತಿ ಅಜ್ಜಿ ಒಂದು ದಿನ ತಾನಾಗಿಯೇ "ಚಾ" ಎಂದಳು, ಅಂದದ್ದಕ್ಕೆ ತಾನೇ ಬೆಚ್ಚಿದಳು. ಬಸ್ಸಿನ ಕಂಡಕ್ಟರಾಗಿದ್ದ ಮರಾಠಿಯವರೊಬ್ಬರು ಮಗಳ ಹೆಸರು ಹೇಳಿದರು, ಮಗಳು ಹೊರಗೆ ಓಡಿಹೋಗಿ ಪ್ಯಾಸೇಜಿನಲ್ಲಿ ಅತ್ತು ಬಂದಳು. ಬಸವಂತರಾಯ ಸರ್ ಎಲ್ಲರ ಮುಂದೆ ಪ್ರಣೀತಾಳನ್ನು ಎಬ್ಬಿಸಿ ನಿಲ್ಲಿಸಿ, "ನೋಡ್ರಿ, ಈ ಹುಡುಗಿ ಏನೂ ಮಾಡದನ ಎಷ್ಟು ಕೆಲಸಾ ಮಾಡ್ಯಾಳ" ಎಂದು ಕನ್ನಡದಲ್ಲೇ ಅಂದು, ಉಳಿದವರಿಗೆ ಹಿಂದಿಯಲ್ಲಿ ತಿಳಿಸಿದರು. ಕಿವಿ ಬಿಸಿಯಾದರೂ ಆ ಮಾತನ್ನು ಅವಳು ಸಕ್ಕರೆಯ ಹಾಗೆ ಎಷ್ಟೋ ದಿನ ಬಾಯಲ್ಲಿಟ್ಟುಕೊಂಡಿದ್ದಳು.

ಒಬ್ಬರ ಹತ್ತಿರ ಮಾತ್ರ ಆ ಕಟ್ಟು ನಿಲ್ಲುತ್ತಿರಲಿಲ್ಲ. ಶರಣಬಸಪ್ಪ ಕಾಕಾನ ಹತ್ತಿರ.

ಕಾಕಾ ಸಿಂದಗಿಯ ಕಡೆಯವರು. ಗ್ರಾಂಟ್ ರೋಡಿನಲ್ಲಿ, ಸ್ಟೇಷನ್ನಿನಿಂದ ಕೂಗಳತೆಯಲ್ಲಿ, ಬಾಡಿಗೆಗೆ ಹಿಡಿದ ಅವರದೊಂದು ಹೊಲಿಗೆಯ ಅಂಗಡಿ. ಆ ಸುತ್ತಿನ ಉಡುಪಿ ಹೋಟೆಲುಗಳ ವೇಟರುಗಳ ಅಂಗಿ, ಅಡಿಗೆಯವರ ಏಪ್ರನ್, ಎಲ್ಲವೂ ಅವರ ಕತ್ತರಿಯಿಂದ ಬಂದದ್ದು. ಹೋಟೆಲಿನ ಧಣಿಗಳು ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು ಹರಟೆ ಹೊಡೆದು ಹೋಗುತ್ತಿದ್ದರಂತೆ, ಅಂಥ ಮಾತುಗಾರ. ಅಂಗಡಿಯಲ್ಲಿ ನಿಂತಲ್ಲೇ ಲಕ್ವಾ ಹೊಡೆದು ಬಲಗೈಯೂ ಮಾತೂ ಒಂದೇ ಏಟಿಗೆ ಹೋದವು. ಈಗ ಹೆಂಡತಿ ಮಲ್ಲಕ್ಕ ಅವರನ್ನು ಜೋಗೇಶ್ವರಿಯ ಚಾಳಿನಿಂದ ರಿಕ್ಷಾದಲ್ಲಿ ಕರೆತರುತ್ತಿದ್ದಳು. ಬಂದ ಮೊದಲ ದಿನ ಪ್ರಣೀತಾಳ ಬಾಯಲ್ಲಿ ಕನ್ನಡ ಕೇಳಿ ಮಲ್ಲಕ್ಕ, "ನಮ್ಮಾಕಿ ಅದಾಳ್ರೀ ಇಕಿ!" ಎಂದು ಗಂಡನ ಭುಜ ಅಲುಗಿಸಿದ್ದಳು. ಅಂದಿನಿಂದ ಅವರು ರೋಗಿಯಾಗಿ ಉಳಿಯಲಿಲ್ಲ, ಕಾಕಾ ಆದರು. ಅವಳು ಮಲ್ಲಕ್ಕನನ್ನು ಕಾಕು ಎಂದಳು.

ತೊಡಕು ಇದ್ದದ್ದು ಅಲ್ಲೇ. ಗುಜರಾತಿ ಅಜ್ಜಿ ಒದ್ದಾಡಿದರೆ ಅದು ಚಿಕಿತ್ಸೆ. ಕಾಕಾ ಒದ್ದಾಡಿದರೆ ಅದು ಹಿರಿಯರ ಮರ್ಯಾದೆ. ದೊಡ್ಡವರು ಎಡವಿದಾಗ ನೋಡದವರಂತೆ ಕೈ ಕೊಟ್ಟು ಎತ್ತಬೇಕು, ಅವರ ಮಾತು ತಡೆದಾಗ ತಾನೇ ಮುಂದೆ ಬಿದ್ದು ಮುಗಿಸಬೇಕು ಎಂದು ಅವಳ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೇ ಇರಲಿಲ್ಲ, ಅದು ತಾಯಿಯ ಹಾಲಿನ ಜೊತೆ ಬಂದದ್ದು. ಕಾಕಾನ ಕುತ್ತಿಗೆಯ ನರ ಉಬ್ಬಿ, ತುಟಿಯ ಮೂಲೆಯಿಂದ ಜೊಲ್ಲು ಇಳಿದು, ಮಲ್ಲಕ್ಕ ಸೆರಗಿನಿಂದ ಒರೆಸಲು ಬಾಗಿದಾಗ, ಎರಡನೆಯ ಉಸಿರಿಗೇ ಪ್ರಣೀತಾಳ ನಾಲಿಗೆ ಹಲ್ಲನ್ನು ಬಿಡುತ್ತಿತ್ತು. "ಬುಟ್ಟಿ, ಹೌದಲ್ರಿ ಕಾಕಾ?" ಕಾಕಾ ಹೌದೆಂದು ಗೋಣು ಹಾಕುತ್ತಿದ್ದರು. ಅವರ ವಿಡಿಯೋಗಳೂ ಇದ್ದವು. ಆಮೇಲೆ ನೋಡೋಣ ಎಂದು ಅವಳು ಅವನ್ನು ತೆರೆಯಲೇ ಇಲ್ಲ. ಸಂಶೋಧನೆಗೆ ಉಳಿದವರೇ ಸಾಕಾಗಿದ್ದರು.

ಒಂದು ಮಂಗಳವಾರ ಮಧ್ಯಾಹ್ನ ಅವರ ಜೊತೆ ಸೋದರಳಿಯ ನವೀನನೂ ಬಂದ. ಕೊರಿಯರ್ ಕಂಪನಿಯಲ್ಲಿ ಅವನ ಕೆಲಸ, ಕೈಯಲ್ಲಿ ಹೆಲ್ಮೆಟ್ಟು, ಕಣ್ಣು ಗಡಿಯಾರದ ಮೇಲೆ.

"ಮೇಡಂ, ಒಂದು ಮಾತ ಕೇಳಬೇಕಿತ್ತು. ಅಂಗಡಿ ಮಾಲಕ ಇವತ್ತ ಸಂಜೀಕ ಉತ್ತರ ಬೇಕಂತಾನ. ಇಟ್ಕೊಳ್ಳೂದೋ, ಬಿಡೂದೋ. ಮಾಮಾ ಏನ ಹೇಳತಾರ ಹಂಗ ಮಾಡೂದು. ಮನ್ಯಾಗ ಕೇಳಿದ್ರ ಸಿಟ್ಟಿಗೇಳತಾರ. ನಿಮ್ಮ ಮುಂದ ಅವರ ಮಾತ ಛಲೋ ಬರತಾವ. ನೀವ ಕೇಳ್ರಿ."

ಇಂಥ ದೊಡ್ಡ ಮಾತನ್ನು ಇಂಥ ಅವಸರದಲ್ಲಿ ಕೇಳಬಾರದು, ನಾಳೆ ಬನ್ನಿ, ಇಡೀ ಒಂದು ತಾಸು ಇದಕ್ಕೇ ಇಡೋಣ ಎಂದು ಹೇಳಬೇಕಿತ್ತು. ಅದು ಅವಳಿಗೆ ತಿಳಿದಿತ್ತು ಕೂಡ. ಆದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಿಮ್ಮ ಮುಂದೆ ಅವರ ಮಾತು ಚೆನ್ನಾಗಿ ಬರುತ್ತದೆ ಎಂಬ ಹೊಗಳಿಕೆಯೂ ಎಲ್ಲೋ ತಾಗಿತ್ತು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಪಾಟಿನ ಮೇಲೆ ಮೊಬೈಲು ಎಂದಿನಂತೆ ವಿಡಿಯೋ ಮಾಡುತ್ತಿತ್ತು.

"ಕಾಕಾ, ಅಂಗಡೀದು ಮುಂದ ಏನ ಮಾಡೂದ್ರಿ?"

ಕಾಕಾ ಅವಳನ್ನು ನೋಡಿದರು, ನವೀನನನ್ನು ನೋಡಿದರು. "ಅಂ... ಅಂಗಡಿ..." ಎಂದರು. ಮಾತು ಸ್ಪಷ್ಟವಾಗಿತ್ತು. ಆಮೇಲೆ, "ನಾ... ನಾ..." ಅಲ್ಲಿಗೆ ನಿಂತಿತು. ಮುಖ ಕೆಂಪಾಯಿತು. ಕೆಳಗೆ ಲೇತ್ ಮಷಿನ್ನು ಕಿರ್ರೆನ್ನುತ್ತಿತ್ತು. ನವೀನ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಮಲ್ಲಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೆಲ ನೋಡುತ್ತಿದ್ದಳು. ಹೋಟೆಲ್ ಧಣಿಗಳ ಸರಿಸಮ ಕೂತು ಮಾತಾಡಿದ ಮನುಷ್ಯ ಅಳಿಯನ ಮುಂದೆ ಪಾಠ ಒಪ್ಪಿಸಲಾಗದ ಹುಡುಗನಂತೆ ಕೂತಿದ್ದಾರೆ. ಪ್ರಣೀತಾಳಿಗೆ ತಡೆಯಲಾಗಲಿಲ್ಲ. ಅವಳು ಮಲ್ಲಕ್ಕನ ಮುಖ ನೋಡಿದಳು. ಅಲ್ಲಿ ಕಂಡ ದಣಿವನ್ನೇ ಉತ್ತರವೆಂದುಕೊಂಡಳು.

"ಸಾಕಾಗೇದ, ಹೌದಲ್ರಿ ಕಾಕಾ? ಇನ್ನ ಮನ್ಯಾಗ ಆರಾಮ ಇರೂದು. ಅಲ್ರಿ?"

ಕಾಕಾನ ತಲೆ ಬಾಗಿತು.

"ಹಂಗಾರ ಬಿಟ್ಟ ಬಿಡೂದು, ಮಾಮಾ?" ಎಂದ ನವೀನ.

ತಲೆ ಬಾಗಿಯೇ ಇತ್ತು.

"ಆತ್ ಬಿಡ್ರಿ," ಎಂದಳು ಮಲ್ಲಕ್ಕ, "ಒಂದು ದೊಡ್ಡ ತಲಿಬ್ಯಾನಿ ಹೋತು." ನವೀನ ಹೆಲ್ಮೆಟ್ಟು ಹಾಕಿಕೊಂಡು ಮೆಟ್ಟಿಲು ಇಳಿದ. ಆ ಸಂಜೆ ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತ ಪ್ರಣೀತಾಳಿಗೆ ಒಂದು ಮನೆಗೆ ಉಪಕಾರ ಮಾಡಿದ ಸಮಾಧಾನವಿತ್ತು. ಕಾಕಾನನ್ನು ಅವಮಾನದಿಂದ ಪಾರು ಮಾಡಿದೆ ಎಂದುಕೊಂಡಳು.

ಅದರ ನಂತರವೂ ಕಾಕಾ ಬರುತ್ತಿದ್ದರು. ಆದರೆ ಚಿತ್ರ ತೋರಿಸಿದರೆ ಬಾಯಿ ತೆರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಅವಳು ಮಾತು ಹೇಳುವುದನ್ನು ಕಾದು, ಗೋಣು ಹಾಕಿಬಿಡುತ್ತಿದ್ದರು. ಕುತ್ತಿಗೆಯ ನರ ಉಬ್ಬುವುದೂ ನಿಂತಿತು. ಅಂಗಡಿಯ ಚಿಂತೆ ತಪ್ಪಿತು, ಶಾಂತರಾಗಿದ್ದಾರೆ ಎಂದು ಅವಳು ಫೈಲಿನಲ್ಲಿ ಬರೆದಳು. ಆಮೇಲೆ ಎರಡು ಸಲ ತಾಸು ತಪ್ಪಿಸಿದರು. ಮೈಯಾಗ ಆರಾಮಿಲ್ಲ ಎಂದು ಮಲ್ಲಕ್ಕನ ಫೋನು ಬಂತು.

ಕೋರ್ಸಿನ ಕೊನೆಯ ಶನಿವಾರ ಎಲ್ಲರೂ ತಮ್ಮ ತಮ್ಮ ಸಂಶೋಧನೆಯನ್ನು ಮಂಡಿಸಬೇಕಿತ್ತು. ಅದಕ್ಕೆ ಮೊದಲು ಜೊತೆಗಾರರು ಒಂದು ವಿಡಿಯೋ ಆರಿಸಿ ನೋಡಬೇಕು. ಗುರುವಾರ ಊಟದ ಬಿಡುವಿನಲ್ಲಿ ಅವಳ ಜೊತೆಗಾರ್ತಿಯಾದ ಸ್ನೇಹಲ್ ಡಬ್ಬಿ ತೆರೆದಿಟ್ಟುಕೊಂಡು ಪ್ರಣೀತಾಳ ಮೊಬೈಲನ್ನು ಕಸಿದುಕೊಂಡಳು.

"ಅಜ್ಜಿದು ನೋಡು, ಚಾ ಅಂದದ್ದು. ಛಲೋ ಬಂದದ," ಎಂದಳು ಪ್ರಣೀತಾ.

"ವೋ ತೋ ಆಲ್ಬಮ್ ಹೈ ಯಾರ್. ಸರ್ ಏನು ಹೇಳಿದ್ರು? ನಾನು ಚೂಸ್ ಮಾಡೋದು." ಸ್ನೇಹಲ್‌ಳ ಬೆರಳು ಕೆಳಗೆ ಕೆಳಗೆ ಸರಿಯಿತು. "ಇದು ಯಾರು? ನಿನ್ನ ಕಾಕಾ ಅಲ್ಲಾ? ಇವ್ರದು ಒಂದೂ ತೋರ್ಸಿಲ್ಲ ನೀನು. ಮೂರು ಜನ ಕೂತಿದಾರೆ, ಇಂಟರೆಸ್ಟಿಂಗ್."

ಬೇಡ ಎನ್ನುವಷ್ಟರಲ್ಲಿ ಅದು ಶುರುವಾಗಿತ್ತು, ಸದ್ದಿಲ್ಲದೆ. ಸ್ನೇಹಲ್ ಚಪಾತಿ ಮುರಿಯುತ್ತ ನೋಡಿದಳು. ಸ್ವಲ್ಪ ಹೊತ್ತಿಗೆ ಮುರಿಯುವುದು ನಿಂತಿತು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದಳು.

"ಇಲ್ಲಿ ನೀನು ಏನು ಕೇಳಿದೆ?"

"ಅಂಗಡಿ ಇಡೂದೋ ಬಿಡೂದೋ ಅಂತ. ಅವರು ಬಿಡೂದು ಅಂದ್ರು."

"ಯಾವಾಗ ಅಂದ್ರು?"

"ಗೋಣ ಹಾಕಿದ್ರಲ್ಲ."

"ಪ್ರಣೀತಾ, ಯೇ ಹಾಂ ನಹೀ ಹೈ. ಇದು ಹೌದು ಅಲ್ಲ." ಸ್ನೇಹಲ್ ಪರದೆಯನ್ನು ಅವಳ ಕಡೆ ತಿರುಗಿಸಿದಳು. "ಕೈ ನೋಡು. ಎಡಗೈ."

ಪ್ರಣೀತಾ ನೋಡಿದಳು. ಕಾಕಾನ ತುಟಿ ನಿಂತಿತ್ತು, ಆದರೆ ಎಡಗೈ ಮೊಣಕಾಲಿನಿಂದ ಮೇಲೆದ್ದಿತ್ತು. ಅಂಗೈ ಪೂರ್ತಿ ಬಿಚ್ಚಿ, ಅವಳ ಕಡೆಗೆ ಚಾಚಿತ್ತು. ತಡಿ, ಇನ್ನೂ ಇದೆ, ಎನ್ನುವ ಕೈ. ಪರದೆಯ ಮೇಲಿನ ಪ್ರಣೀತಾ ಆ ಕೈಯನ್ನು ನೋಡುತ್ತಿರಲಿಲ್ಲ, ಮಲ್ಲಕ್ಕನ ಮುಖ ನೋಡುತ್ತಿದ್ದಳು. ಆ ಪ್ರಣೀತಾಳ ತುಟಿ ಅಲುಗಿತು, ಅವಳು ನಕ್ಕಳು. ಕೈ ಒಂದು ಕ್ಷಣ ಹಾಗೇ ಗಾಳಿಯಲ್ಲಿ ಉಳಿಯಿತು. ಆಮೇಲೆ ಕೆಳಗಿಳಿಯಿತು. ಕೈಯ ಹಿಂದೆಯೇ ತಲೆಯೂ ಇಳಿಯಿತು.

"ಛೋಡ್ ದಿಯಾ," ಎಂದಳು ಸ್ನೇಹಲ್ ಮೆಲ್ಲಗೆ. "ಸೋತ್ರು ಅವ್ರು. ಹೌದು ಅಂದಿಲ್ಲ."

ಪ್ರಣೀತಾ ಎದ್ದು ನಿಂತಳು, ಕೂತಳು.

"ಸರ್‌ಗೆ ತೋರಿಸ್ತೀಯಾ ಇದನ್ನು?"

"ಮೊದಲ ಅಂಗಡಿ," ಎಂದಳು ಪ್ರಣೀತಾ. "ಇನ್ನೂ ಬಿಟ್ಟಿರಲಿಕ್ಕಿಲ್ಲ. ನವೀನಗ ಹೇಳಬೇಕು."

ಮಧ್ಯಾಹ್ನದ ರೋಗಿಗಳನ್ನು ಸ್ನೇಹಲ್‌ಗೆ ಒಪ್ಪಿಸಿ ಓಡಿದಳು. ಸ್ಲೋ ಲೋಕಲ್‌ನಲ್ಲಿ ಕಿಟಕಿಯ ಹತ್ತಿರ ಕೂತು ನವೀನನಿಗೆ ಮೇಲಿಂದ ಮೇಲೆ ಫೋನು ಹಚ್ಚಿದಳು. ದಾದರ್ ದಾಟಿದ ಮೇಲೆ ಎತ್ತಿದ. "ಅಂಗಡ್ಯಾಗ ಅದೇನಿ ಮೇಡಂ, ಗದ್ದಲ ಭಾಳ ಅದ, ಬರ್ರಿ," ಎಂದಷ್ಟೇ ಕೇಳಿಸಿತು. ಅಂಗಡಿಯಲ್ಲಿದ್ದಾನೆ ಎಂದರೆ ಅಂಗಡಿ ಇನ್ನೂ ಇದೆ. ಅವಳು ಗ್ರಾಂಟ್ ರೋಡಿನಲ್ಲಿ ಇಳಿದು, ಕೈಗಾಡಿಗಳ ನಡುವೆ ನುಸುಳಿ, ವಿಚಾರಿಸುತ್ತ ವಿಚಾರಿಸುತ್ತ ಹೋದಳು.

ಗದ್ದಲ ಬಡಗಿಯದು. ಅಂಗಡಿಯ ಗೋಡೆಗೆ ಗಾಜಿನ ಹಲಗೆಗಳನ್ನು ಕೂರಿಸುತ್ತಿದ್ದರು, ಮೊಬೈಲ್ ಕವರು ಮಾರುವವನೊಬ್ಬ ನಿಂತು ಎತ್ತರ ಹೇಳುತ್ತಿದ್ದ. ಹೊರಗೆ ಫುಟ್‌ಪಾತಿನ ಮೇಲೆ ನವೀನ ಒಂದು ಭಾರಿ ಮರದ ಮೇಜನ್ನು ಟೆಂಪೋಕ್ಕೆ ಏರಿಸುತ್ತಿದ್ದ. ಮೇಜಲ್ಲ, ಅರ್ಧ ಮೇಜು. ಇನ್ನರ್ಧ ಆಗಲೇ ಟೆಂಪೋದೊಳಗಿತ್ತು. ನಡುವೆ ಗರಗಸ ಹಾಯ್ದ ಜಾಗದಲ್ಲಿ ಹಳೆಯ ಮರ ಹೊಸದರ ಹಾಗೆ ಬೆಳ್ಳಗೆ ಕಾಣುತ್ತಿತ್ತು.

"ಮಾಮಾನ ಕಟಿಂಗ್ ಟೇಬಲ್ರಿ," ಎಂದ ನವೀನ, ಬೆವರು ಒರೆಸಿಕೊಳ್ಳುತ್ತ. "ಅಂಗಡಿ ಒಳಗ ಕುಂದರಿಸಿ ಮಾಡಿಸಿದ್ರಂತ. ಬಾಗಲದಾಗ ಹಾಯಲಿಲ್ಲ. ಕೊಯ್ಯಬೇಕಾತು. ನೀವ್ಯಾಕ ಬಂದ್ರಿ ಇಷ್ಟ ದೂರ?"

ಅವಳು ಹೇಳಿದಳು. ಫುಟ್‌ಪಾತಿನ ಮೇಲೆ ನಿಂತು, ಮೊಬೈಲಿನಲ್ಲಿ ಆ ಕೈಯನ್ನು ತೋರಿಸಿದಳು. ನವೀನ ಬಿಸಿಲಿಗೆ ಪರದೆಯ ಮೇಲೆ ಕೈ ಮರೆ ಮಾಡಿ ಬಾಗಿ ನೋಡಿದ.

"ಮೇಡಂ, ನೀವ ಹೇಳಿದ್ರಲ್ಲ ಅವತ್ತ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ನಾ ಕೊರಿಯರ್ ಬಿಡಾಂವ ಇದ್ದೆ. ಮಾಮಾ ಹೂಂ ಅಂದ್ರ ನಾ ಮಷಿನ್ ಮ್ಯಾಲ ಕುಂದರತಿದ್ದೆ. ಅವರು ಬರೇ ಮುಂದ ಕುಂತು, ಎಡಗೈಲೆ ಗೆರಿ ಹಾಕಿ ತೋರಿಸಿದ್ರ ಸಾಕಿತ್ತು. ಗಿರಾಕಿ ಎಲ್ಲಾ ಅವರ ಮಾರಿ ನೋಡಿ ಬರಾವರು. ಆದ್ರ ಅವರ ಬ್ಯಾಡ ಅಂದ ಮ್ಯಾಲ, ನನ್ನ ಮ್ಯಾಲ ಅವರಿಗೆ ಭರೋಸಾ ಇಲ್ಲ ಅಂತ ತಿಳಕೊಂಡೆ ನಾ. ಸುಮ್ಮನಾದೆ."

"ಈಗ ಮಾಲಕಗ ಹೇಳಿ..."

"ಈಗ ಏನ ಹೇಳೂದ್ರಿ?" ನವೀನ ಗಾಜಿನ ಹಲಗೆಗಳ ಕಡೆ ಗದ್ದ ತೋರಿಸಿದ. ಟೆಂಪೋದವನು ಹಾರ್ನ್ ಹೊಡೆದ. ನವೀನ ಮೇಜಿನ ಅರ್ಧವನ್ನು ಭುಜದಿಂದ ಒಳಗೆ ನೂಕಿ, ಹಿಂದಿನ ಬಾಗಿಲಿಗೆ ಚಿಲಕ ಹಾಕಿದ. "ಮಾಮಾಗ ನೀವ ಹೇಳ್ರಿ. ನನಗ ಹೇಳಾಕ ಬರೂದಿಲ್ಲ."

ಮರಳಿ ಜೋಗೇಶ್ವರಿಗೆ ಬಂದು ಚಾಳು ಹುಡುಕುವ ಹೊತ್ತಿಗೆ ನಳಕ್ಕೆ ನೀರು ಬಂದಿತ್ತು. ಓಣಿಯ ತುಂಬ ಪೈಪು, ಬಕೆಟ್ಟು, ಬೈಗುಳ. ಮಲ್ಲಕ್ಕ ಬಾಗಿಲಲ್ಲಿ ಡ್ರಮ್ಮಿಗೆ ಪೈಪು ಬಿಟ್ಟು ನಿಂತಿದ್ದಳು. ಪ್ರಣೀತಾಳನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಅಯ್ಯ, ಮಾತಿನ ಡಾಕ್ಟರ್ ಮನೀಗೇ ಬಂದಾಳಲ್ರೀ! ಬಾ ಬಾ ನಮ್ಮವ್ವ. ನೀರ ಒಂದ ತುಂಬಿಬಿಡತೇನಿ, ಇಲ್ಲಂದ್ರ ಬಾಜೂದಾಕಿ ಪೈಪ ಕಿತ್ಕೋತಾಳ."

ಒಂದೇ ಕೋಣೆ. ಕಾಕಾ ಕಾಟಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಗುಂಡಿ ಕತ್ತಿನ ತನಕ ಹಾಕಿದ್ದು. ಅವಳನ್ನು ಕಂಡು ಗೋಣು ಹಾಕಿದರು, ಕ್ಲಿನಿಕ್ಕಿನಲ್ಲಿ ಹಾಕುವ ಹಾಗೆಯೇ. ಪ್ರಣೀತಾ ಸ್ಟೂಲಿನ ತುದಿಯಲ್ಲಿ ಕೂತು, ತಡವರಿಸಿ, ಅರ್ಧ ಕಾಕಾನಿಗೆ ಅರ್ಧ ಮಲ್ಲಕ್ಕನಿಗೆ ಹೇಳಿದಳು. ಅವತ್ತು ಕಾಕಾ ಹೌದು ಅಂದಿರಲಿಲ್ಲ, ನಾನೇ ನಡುವೆ ಬಾಯಿ ಹಾಕಿದೆ, ನನ್ನ ತಪ್ಪು. ವಿಡಿಯೋ ತೋರಿಸಲು ಮೊಬೈಲು ತೆಗೆದಳು.

"ಇಡು ಅದನ್ನ," ಎಂದಳು ಮಲ್ಲಕ್ಕ ಬಾಗಿಲಿನಿಂದ. "ನನಗ ಏನ ತೋರಸ್ತಿ? ನಾ ಅಲ್ಲೇ ಕುಂತಿದ್ದಿಲ್ಲೇನ? ಕೈ ಎತ್ತಿದ್ದು ನಾ ನೋಡೇನಿ."

ಪ್ರಣೀತಾಳಿಗೆ ಮೊದಲು ಅರ್ಥವಾಗಲಿಲ್ಲ.

"ನೋಡಿದ್ರೇನ ಕಾಕು? ಮತ್ತ..."

"ಇಷ್ಟ ವರ್ಷ ಕೂಡಿ ಬಾಳೇ ಮಾಡೇನಿ, ಅವರು ಹೂಂ ಅಂದಿದ್ದು ಯಾವುದು, ಊಹೂಂ ಅಂದಿದ್ದು ಯಾವುದು, ನನಗ ತಿಳಿಯೂದಿಲ್ಲೇನ?" ನೀರಿನ ಸದ್ದಿನ ಮೇಲೆ ಅವಳ ದನಿ ಏರಿತು. "ಆ ಅಂಗಡ್ಯಾಗ ಬಿದ್ದಿದ್ರು ಇವರು. ನಡಮಧ್ಯಾನ್ನ ಬಿದ್ರ ನನಗ ಸಂಜೀಕ ಸುದ್ದಿ ಬಂತು. ಈಗ ಮತ್ತ ಲೋಕಲ್ ಹತ್ತಿ ಹೋಗತೇನಿ ಅಂದ್ರ, ಆ ಗದ್ದಲದಾಗ, ಒಂದು ಕೈಲೆ ಕಂಬಿ ಹಿಡಕೊಂಡು? ದಿನಾ ನಾ ಇಲ್ಲಿ ಜೀವಾ ಕೈಯಾಗ ಹಿಡಕೊಂಡು ಕುಂದರಬೇಕೇನು? ನಾ ಬ್ಯಾಡ ಅಂದ್ರ ಕೇಳತಿದ್ದಿಲ್ಲ. ನೀ ಅಂದಿ. ಡಾಕ್ಟರ್ ಬಾಯಾಗಿಂದ ಬಂತು. ನಾ ಗಪ್ಪನ ಹಿಡಕೊಂಡೆ."

ಡ್ರಮ್ಮು ತುಂಬಿ ನೀರು ಹೊಸ್ತಿಲ ಮೇಲೆ ಹರಿಯಿತು. ಹೊರಗೆ ಯಾರೋ "ಓ ಮಲ್ಲಕ್ಕಾ, ಪಾನಿ ಜಾ ರಹಾ ಹೈ!" ಎಂದು ಕೂಗಿದರು. ಮಲ್ಲಕ್ಕ ಪೈಪನ್ನು ಹೊರಗೆಸೆದು, ಬಂದು ಕಾಟಿನ ಕಾಲ ಬಳಿ ನೆಲದ ಮೇಲೆ ಕುಸಿದು ಕೂತಳು. ಗಂಡನ ಮುಖ ನೋಡಲಿಲ್ಲ.

"ಮಾಡಿದೆ ಅಂತ ಮಾಡಿದೆ, ಹೊಟ್ಟಿಗೆ ಅನ್ನ ಹೋಗವಲ್ದು," ಎಂದಳು ನೆಲಕ್ಕೆ. "ಮನ್ಯಾಗ ಇದ್ರ ಸಾಕು ಅಂದಿದ್ದೆ. ಮನ್ಯಾಗ ಅದಾರ. ಗ್ವಾಡಿ ನೋಡಕೋತ ಕುಂದರತಾರ."

ಈಗ ತಾನು ಏನಾದರೂ ಹೇಳಬೇಕು ಎಂದು ಪ್ರಣೀತಾಳಿಗೆ ಅನಿಸಿತು. ಕ್ಷಮಿಸಿರಿ, ಬೇರೆ ಜಾಗ ನೋಡೋಣ, ಮನೆಯಲ್ಲೇ ಒಂದು ಮಷಿನ್ನು ಇಡಬಹುದು, ನವೀನ ಒಪ್ಪುತ್ತಾನೆ. ಒಳ್ಳೆಯ ಮಾತುಗಳೆಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದವು. ಆಗಲೇ ಕಾಕಾನ ತುಟಿ ಅಲುಗಿತು.

ಅವಳು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದಳು.

ಕಾಕಾ ಹೆಂಡತಿಯನ್ನು ನೋಡುತ್ತಿರಲಿಲ್ಲ. ಪ್ರಣೀತಾಳನ್ನು ನೋಡುತ್ತಿದ್ದರು. ಕುತ್ತಿಗೆಯ ನರ ಉಬ್ಬಿತು. "ನಾ..." ಎಂದರು. ನಿಂತರು. ಮಲ್ಲಕ್ಕ ತಲೆಯೆತ್ತಿ, "ನೀರ ಬೇಕೇನ್ರಿ?" ಎನ್ನಹೊರಟಳು. ಪ್ರಣೀತಾ ಅವಳ ಮುಂಗೈ ಹಿಡಿದು ತಡೆದಳು. ಒಂದು ಉಸಿರು ಹೋಯಿತು. ಎರಡು ಹೋಯಿತು. ಮೂರು ಹೋಗಿ ಎಷ್ಟೋ ಆದವು, ಅವಳು ಎಣಿಸುವುದನ್ನು ಬಿಟ್ಟಳು. ತುಟಿಯ ಮೂಲೆಯಲ್ಲಿ ಜೊಲ್ಲು ಇಳಿಯಿತು, ಅಂಗಿಯ ಮೇಲೆ ಬಿತ್ತು. ಯಾರೂ ಒರೆಸಲಿಲ್ಲ.

"ನಾ... ಹೇಳಾಕ... ಹೇಳಾಕತ್ತಿದ್ದೆ."

ಮತ್ತೆ ಮೌನ. ಮುಗಿಯಿತೆಂದು ಯಾರಿಗಾದರೂ ಅನಿಸಬೇಕು, ಅಷ್ಟು ಉದ್ದ. ಆದರೆ ಕಾಕಾನ ಕಣ್ಣು ಪ್ರಣೀತಾಳನ್ನು ಬಿಟ್ಟಿರಲಿಲ್ಲ. ಅವಳೂ ಕಣ್ಣು ತೆಗೆಯಲಿಲ್ಲ.

"ನೀ..." ಎಂದರು. "ನೀ... ಬಿಡಲಿಲ್ಲ."

ಮಲ್ಲಕ್ಕ ದಿಗ್ಗನೆ ಎದ್ದು ನಿಂತಳು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ಕೇಳಿದೇನ ನಮ್ಮವ್ವ? ಎರಡೆರಡ ಮಾತ ಕೂಡಿಸಿ ಆಡಿದ್ರ! ಲಕ್ವಾ ಹೊಡದಾಗಿಂದ ಇಷ್ಟ ಮಾತ ಒಮ್ಮೆನೂ ಆಡಿದ್ದಿಲ್ಲ ನೋಡು. ನವೀನಗ ಫೋನ್ ಹಚ್ಚು, ಹಚ್ಚ ಲಗೂನ!"

ಮಲ್ಲಕ್ಕ ಹೇಳಿದ್ದು ನಿಜವೇ ಆಗಿತ್ತು. ಶನಿವಾರ ಎಲ್ಲರ ಮುಂದೆ ಹೇಳಿದರೆ ಸರ್ ಮತ್ತೊಮ್ಮೆ ಅವಳನ್ನು ಎಬ್ಬಿಸಿ ನಿಲ್ಲಿಸುವಷ್ಟು ದೊಡ್ಡ ಸಂಗತಿ. ಪ್ರಣೀತಾ ಮೊಬೈಲನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು. ಕಾಕಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಅವರು ಹೇಳುವುದು ಮುಗಿದಿತ್ತು. ಈಗ ಅವಳು ಮಾತಾಡಬಹುದಿತ್ತು. ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ.